ಹಾಡ್ತಾ ಹಾಡ್ತಾ ರಾಗ

"ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ." ಗಾದೆಯ ಮೊದಲರ್ಧ ಸಂಗೀತದ ಮೇಷ್ಟ್ರ ಬಾಯಲ್ಲಿ ಉಳಿದಿದೆ, ಎರಡನೆಯದು ಅಜ್ಜಿಯರ ಬಾಯಲ್ಲಿ. ದಿನಾ ಹಾಡಿದರೆ ಗಂಟಲು ಪಳಗುತ್ತದೆ ಎಂದು ಅರ್ಥ ಹೇಳಿ ಮುಗಿಸುವುದು ರೂಢಿ. ಆದರೆ ಗಾದೆ ಗಂಟಲಿನ ಮಾತೇ ಎತ್ತಿಲ್ಲ. ಹಾಡು ಮೊದಲು, ರಾಗ ಆಮೇಲೆ ಅನ್ನುತ್ತದೆ. ಹಾಡು ಬರೆಯಲು ಕಲಿಯುವವನು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡಿಕೊಂಡೇ ಹೊರಡುತ್ತಾನೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆ ಹಾಡು ಬರೆದರು ಅನ್ನುವುದು ಕಡಿಮೆ. "ಪದಾ ಕಟ್ಯಾರ" ಅನ್ನುತ್ತಾರೆ. ಗಿರಣಿ ಬರುವ ಮೊದಲು ಈ ಜೋಳದ ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ಕಟ್ಟುವುದನ್ನು ಕಲಿಸಿದ್ದು ಬೀಸುವ ಕಲ್ಲು. ನಸುಕಿನಲ್ಲಿ ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿಯುತ್ತಿದ್ದರು. ಒಂದು ಕೈ ತಿರುವುತ್ತಿದ್ದರೆ ಇನ್ನೊಂದು ಹಿಡಿ ಜೋಳವನ್ನು ಕಲ್ಲಿನ ಬಾಯಿಗೆ ಹಾಕುತ್ತಿತ್ತು. ಆ ಸುತ್ತಿಗೆ ತ್ರಿಪದಿ. ಛಂದಸ್ಸಿನವರ ಲೆಕ್ಕದಲ್ಲಿ 11 ಗಣ. 6ನೆಯದೂ 10ನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಬೀಸುವಾಕೆಗೆ ಈ ಲೆಕ್ಕ ಬೇಕಿರಲಿಲ್ಲ, ತೋಳಿಗೆ ಗೊತ್ತಿತ್ತು.

ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲು ಮರಳಿ ಬರುತ್ತದೆ. ಕಾಗದದ ಮೇಲೆ ಮೂರು ಸಾಲು, ಕಿವಿಗೆ ನಾಲ್ಕು. ಆ ಮರುಕಳಿಕೆ ಬರೀ ಸೊಗಸಿಗೆ ಎಂದುಕೊಂಡಿದ್ದೆ. ನಾನೇ ಒಂದು ಕಟ್ಟಲು ಹೋದಾಗ ಅದರ ಉಪಕಾರ ತಿಳಿಯಿತು. ಬಾಯಿ ಹಳೆಯ ಸಾಲನ್ನೇ ಎಳೆಯುತ್ತಿರುವಾಗ ಮನಸ್ಸು ಮೂರನೆಯದನ್ನು ಹುಡುಕಿಕೊಂಡು ಬಂದಿರುತ್ತದೆ. ಗೀಗೀ ಮ್ಯಾಳದಲ್ಲೂ ಇದೇ ಹಿಕಮತ್ತು. ಹಿಮ್ಮೇಳದವರು ಗೀಗೀ ಸೊಲ್ಲು ಎತ್ತಿದಾಗ ಮುಂದಾಳು ದಪ್ಪು ಬಡಿಯುತ್ತಲೇ ಉಸಿರನ್ನೂ ಮುಂದಿನ ನುಡಿಯನ್ನೂ ಕೂಡಿಸಿಕೊಳ್ಳುತ್ತಾನೆ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ಹರದೇಶಿ-ನಾಗೇಶಿ ವಾದದಲ್ಲಿ ಬೆಳಗಾಗುವವರೆಗೆ ಸವಾಲಿಗೆ ಜವಾಬು ಕೊಡಬೇಕು. ಆ ಸೊಲ್ಲಿನ ಬಿಡುವಿಲ್ಲದೆ ಆಗುವ ಮಾತಲ್ಲ. ಕಾಗದದ ಮುಂದೆ ಕೂತವನಿಗೆ ಹಿಮ್ಮೇಳವಿಲ್ಲ, ಪೆನ್ನು ಕಚ್ಚುತ್ತಾನೆ.

ಹಿಂದೆ ಇಂಡಿ ತಾಲೂಕಿನಲ್ಲಿದ್ದ ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ, ಈ ಹಾಡುಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಬಂತು. ಲಾವಣಿಗಳ 'ಜೀವನ ಸಂಗೀತ' ಅದರ ಹಿಂದೆಯೇ. ಸಂಗ್ರಹದ ಕೆಲಸ ಎಂದು ನಾವು ಅದನ್ನು ಬೇರೆ ಕಪಾಟಿನಲ್ಲಿ ಇಡುತ್ತೇವೆ. ನನಗೆ ಅದು ಮಧುರಚೆನ್ನರ (1903–1953) ಕಾವ್ಯಶಾಲೆಯಾಗಿಯೂ ಕಾಣುತ್ತದೆ. ಅವರ 'ನನ್ನ ನಲ್ಲ'ದಲ್ಲಿ ನಡಿಗೆ ಹಳ್ಳಿಯ ಹಾಡಿನದು, ಹಂಬಲ ಅನುಭಾವಿಯದು. ಬೇರೆಯವರ ಪದ ಅಷ್ಟು ಹೊತ್ತು ಕಿವಿಯಲ್ಲಿ ತಿರುಗಿದ ಮೇಲೆ ತನ್ನದು ಹೊರಟಿತು.

ಇನ್ನು ರೋಗದ ಭಾಗ. ಅದನ್ನು ಪ್ರಾಸಕ್ಕೆ ಅಂಟಿಸಿದ್ದು ಅಂದುಕೊಳ್ಳಬೇಡಿ. ತೋಳಿಗೆ ಒಳ್ಳೆಯದು ಕೆಟ್ಟದ್ದು ತಿಳಿಯದು, ಸುತ್ತಿಸಿದ್ದೆಲ್ಲ ಗಟ್ಟಿಯಾಗುತ್ತದೆ. ನನ್ನ ಮೊದಲ ಹಾಡನ್ನು ಒಂದು ಸಿನಿಮಾ ಧಾಟಿಗೆ ಕೂರಿಸಿದ್ದೆ. ಮಾತು ಆರು ಸಲ ಬದಲಾಯಿಸಿದೆ, ಆ ಧಾಟಿ ಬಿಡಲೊಲ್ಲದು. ನನ್ನ ಪ್ರತಿ ಸಾಲೂ ಆ ಸಿನಿಮಾ ಹಾಡಿನ ಸಾಲು ಮುಗಿದಲ್ಲೇ ಮುಗಿಯುತ್ತಿತ್ತು. ಜಾತ್ರೆಯ ಪದಗಳಲ್ಲೂ ಈಗ ಈ ನರಳಾಟ ಕೇಳಿಸುತ್ತದೆ.

ಇಂಡಿ ಕಡೆಯ ಒಂದು ಮನೆಯಲ್ಲಿ ಮೊಬೈಲು ಮುಂದಿಟ್ಟು ಮುದುಕಿಯೊಬ್ಬಳಿಗೆ ಬೀಸುವ ಪದ ಹಾಡು ಎಂದೆ. ಕೈ ಮಡಿಚಿ ಕೂತಳು. ಎರಡು ಸಾಲಾದ ಮೇಲೆ ನಿಂತಿತು. "ಮರ್ತೇನ್ರೀ." ನಾನು ಮೊಬೈಲು ಎತ್ತಿಕೊಳ್ಳುವಷ್ಟರಲ್ಲಿ ಅವಳ ಬಲಗೈ ನೆಲದ ಮೇಲೆ ಇಲ್ಲದ ಗೂಟ ಹಿಡಿದು ಸುತ್ತತೊಡಗಿತು. ಎರಡನೆಯ ಸಾಲನ್ನು ಮತ್ತೊಮ್ಮೆ ಎಳೆದಳು. ಮೂರನೆಯ ಸಾಲಿನಲ್ಲಿ, ಡಬ್ಬಿ ಹಿಡಿದು ಕೂತ ತಮ್ಮನಾಗಿ, ನಾನೇ ಇದ್ದೆ.