ವಾಸಸ್ಥಾನ ನಿರ್ಣಯ

ಉದ್ಯೋಗನಿಮಿತ್ತವಾಗಿ ಸ್ವಗ್ರಾಮವನ್ನು ಬಿಟ್ಟು ಪರಸ್ಥಳಕ್ಕೆ ಹೋಗುವುದು ನಮ್ಮ ಸಮಾಜಕ್ಕೆ ಹೊಸದೇನೂ ಅಲ್ಲ. ಹಿಂದೆ ಪಾಠಪ್ರವಚನಗಳಿಗಾಗಿ, ಪೌರೋಹಿತ್ಯಕ್ಕಾಗಿ, ಶಾನುಭೋಗಿಕೆಗಾಗಿ ಹೋದರು. ಅನಂತರ ರೈಲ್ವೆ, ಅಂಚೆ, ಬ್ಯಾಂಕುಗಳ ವರ್ಗಾವಣೆಯ ಆದೇಶವನ್ನು ಹಿಡಿದು ಹೋದರು. ಈಗ ಖಾಸಗಿ ಸಂಸ್ಥೆಗಳ ಕರೆಗೆ ಓಗೊಟ್ಟು ಹೋಗುತ್ತಿದ್ದಾರೆ. ಹೋದ ಊರಿನಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಮನೆಯನ್ನು ಎಲ್ಲಿ ಮಾಡಬೇಕು? ಇದನ್ನು ಬಾಡಿಗೆ, ದೂರ, ನೀರು, ಶಾಲೆ ಇವುಗಳ ಲೆಕ್ಕವೆಂದು ಭಾವಿಸುವುದೇ ವಾಡಿಕೆ. ಇದು ಧರ್ಮದ ಪ್ರಶ್ನೆಯೂ ಹೌದು ಎಂಬುದು ನಮ್ಮ ಅಭಿಪ್ರಾಯ. ಶಾಸ್ತ್ರದಲ್ಲಿ ಒಂದು ಅಧಿಕರಣವನ್ನು ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎಂಬ ಕ್ರಮದಿಂದ ವಿಚಾರಿಸುತ್ತಾರೆ. ಅದೇ ಕ್ರಮದಿಂದ ಈ ಲೌಕಿಕ ವಿಷಯವನ್ನೂ ಪರಿಶೀಲಿಸೋಣ.

ವಿಷಯವನ್ನು ಒಂದು ನಿರ್ದಿಷ್ಟ ಸ್ಥಳದಲ್ಲಿಟ್ಟು ನೋಡುವುದು ಒಳ್ಳೆಯದು. ವಿಜಯವಾಡಕ್ಕೆ ಹೋಗುವ ನಮ್ಮವರು ಮೊದಲು ಕೇಳುವ ಹೆಸರು ಬೆಂಜ್ ಸರ್ಕಲ್. ಚೆನ್ನೈಯಿಂದ ಕೋಲ್ಕತ್ತಕ್ಕೆ ಹೋಗುವ 16ನೆಯ ರಾಷ್ಟ್ರೀಯ ಹೆದ್ದಾರಿಯೂ, ಪುಣೆಯಿಂದ ಹೈದರಾಬಾದಿನ ಮೂಲಕ ಮಚಲೀಪಟ್ಟಣಕ್ಕೆ ಸಾಗುವ 65ನೆಯ ಹೆದ್ದಾರಿಯೂ ಸಂಧಿಸುವ ವೃತ್ತವದು. ಹಿರಿಯರು ಇವನ್ನು 5 ಮತ್ತು 9 ಎಂಬ ಹಳೆಯ ಸಂಖ್ಯೆಗಳಿಂದಲೇ ಗುರುತಿಸುತ್ತಾರೆ. ವಾಹನಸಮ್ಮರ್ದ ತಾಳಲಾರದಷ್ಟಾಗಿ, 2020ರಲ್ಲಿ ಅಲ್ಲಿ ಮೇಲ್ಸೇತುವೆ ತೆರೆಯಿತು. ವೃತ್ತದ ಸುತ್ತ ಪಟಮಟ, ಲಬ್ಬೀಪೇಟ, ಮೊಗಲ್ರಾಜಪುರಂ ಎಂಬ ಹಳೆಯ ಬಡಾವಣೆಗಳು. ಬಂದರು ರಸ್ತೆಯಲ್ಲಿ ಪೂರ್ವಕ್ಕೆ ಹೋದರೆ ಆಟೋನಗರ, ಕಾನೂರು, ಪೋರಂಕಿ. ರೈಲು ನಿಲ್ದಾಣದ ಕಡೆಗೆ ಸತ್ಯನಾರಾಯಣಪುರಂ, ಗಾಂಧಿನಗರ.

ರಾಯಚೂರಿನ ಕಡೆಯ, ನಮಗೆ ಪರಿಚಿತವಾದ ಒಂದು ಕುಟುಂಬಕ್ಕೆ ಈ ಊರಿಗೆ ವರ್ಗವಾಯಿತು. ಯಜಮಾನರ ಕಚೇರಿ ಬೆಂಜ್ ಸರ್ಕಲ್ಲಿನ ಸಮೀಪ. ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿ, ಗೃಹಿಣಿ, ಹತ್ತನೆಯ ತರಗತಿ ಮುಗಿಸಿದ ಮಗಳು, ಏಳು ವರ್ಷದ ಮಗ. ಅವರ ಮುಂದೆ ಮೂರು ಮನೆಗಳಿದ್ದವು. ಪೋರಂಕಿಯ ಆಚೆ ಹೊಸ ಅಪಾರ್ಟ್‌ಮೆಂಟಿನ ಏಳನೆಯ ಅಂತಸ್ತಿನಲ್ಲಿ ಮೂರು ಕೋಣೆಯ ವಿಶಾಲವಾದ ಮನೆ, ಕಾರು ನಿಲ್ಲಿಸಲು ಸ್ಥಳ, ಬಾಗಿಲಿಗೆ ಬರುವ ಶಾಲೆಯ ಬಸ್ಸು, ಬಾಡಿಗೆಯೂ ಕಡಿಮೆ. ಸತ್ಯನಾರಾಯಣಪುರದಲ್ಲಿ ನಮ್ಮವರೇ ಸುತ್ತಲಿರುವ ಒಂದು ಹಳೆಯ ಮನೆಯ ಮಹಡಿ. ಪಟಮಟದ ಹಳೆಯ ಬೀದಿಯಲ್ಲಿ ಎರಡೇ ಕೋಣೆಯ ನೆಲಮಹಡಿಯ ಮನೆ. ಬಾಡಿಗೆ ಹೆಚ್ಚು, ಕಾರಿಗೆ ಜಾಗವಿಲ್ಲ, ನೆರೆಹೊರೆಯಲ್ಲಿ ಕನ್ನಡ ಬಲ್ಲವರಿಲ್ಲ. ಆದರೆ ದೇವಸ್ಥಾನ, ತರಕಾರಿ ಮಾರುಕಟ್ಟೆ, ವೈದ್ಯರು ನಡೆದು ಹೋಗುವಷ್ಟು ದೂರದಲ್ಲಿ. ಇವುಗಳಲ್ಲಿ ಯಾವುದು ಗ್ರಾಹ್ಯ ಎಂಬುದೇ ಸಂಶಯ.

ಮೊದಲನೆಯ ಪೂರ್ವಪಕ್ಷ ಹೀಗೆ: ಜೀವನ ಯೋಗ್ಯತೆ ಅನಾದಿಯಾದದ್ದು, ಸ್ಥಳದಿಂದ ಅದು ಹೆಚ್ಚುವುದೂ ಇಲ್ಲ, ಕುಂದುವುದೂ ಇಲ್ಲ. ಪ್ರಹ್ಲಾದರಾಜರು ಹಿರಣ್ಯಕಶಿಪುವಿನ ಅರಮನೆಯಲ್ಲಿಯೇ ಬೆಳೆದರು, ವಿಭೀಷಣನು ಲಂಕೆಯಲ್ಲಿಯೇ ಇದ್ದನು. ಆದ್ದರಿಂದ ಕಚೇರಿಗೂ ಹಣಕ್ಕೂ ಅನುಕೂಲವಾದ ಮನೆ ಸಾಕು. ಈ ವಾದ ಕೇಳಲು ಸಿದ್ಧಾಂತದಂತೆಯೇ ಇದೆ. ಆದರೆ ನಮ್ಮ ಆಚಾರ್ಯರ ಮತದಲ್ಲಿ ಯೋಗ್ಯತೆಯೊಡನೆ ಕರ್ಮ ಮತ್ತು ಪ್ರಯತ್ನಗಳಿಗೂ ಸ್ಥಾನವಿದೆ. ಪ್ರಯತ್ನಕ್ಕೆ ಸಾಧನ ಬೇಕು. ವಾಸಸ್ಥಾನವು ಆ ಸಾಧನಗಳಲ್ಲೊಂದು. ಪ್ರಹ್ಲಾದರಿಗೆ ಗರ್ಭದಲ್ಲಿದ್ದಾಗಲೇ ನಾರದರ ಉಪದೇಶ ದೊರೆತಿತ್ತೆಂಬುದನ್ನೂ, ವಿಭೀಷಣನು ಕೊನೆಗೆ ಲಂಕೆಯನ್ನು ಬಿಟ್ಟೇ ಬಂದನೆಂಬುದನ್ನೂ ಪೂರ್ವಪಕ್ಷಿಯು ಮರೆತಿದ್ದಾನೆ.

ಎರಡನೆಯ ಪೂರ್ವಪಕ್ಷ ಇದಕ್ಕೆ ವಿರುದ್ಧ: ನಮ್ಮವರಿಲ್ಲದ ಬೀದಿಯಲ್ಲಿ ವಾಸ ಸಲ್ಲದು, ಅಗ್ರಹಾರವಿಲ್ಲದಿದ್ದರೆ ಅಗ್ರಹಾರದಂಥದ್ದನ್ನೇ ಹುಡುಕಬೇಕು. ಇದನ್ನು ಹೇಳುವವರ ಶ್ರದ್ಧೆಯನ್ನು ನಾವು ಗೌರವಿಸುತ್ತೇವೆ. ಹಬ್ಬ ಹರಿದಿನಗಳಲ್ಲಿ, ಶ್ರಾದ್ಧಕಾಲದಲ್ಲಿ ಬ್ರಾಹ್ಮಣರು ದೊರೆಯುವುದು, ಅಡಿಗೆಯವರು ದೊರೆಯುವುದು ಸಣ್ಣ ಸಂಗತಿಯಲ್ಲ. ಆದರೆ ನಮ್ಮ ಪರಂಪರೆಯ ಇತಿಹಾಸ ಬೇರೆ ಮಾತನ್ನೂ ಹೇಳುತ್ತದೆ. ಶ್ರೀನರಹರಿತೀರ್ಥರು ಕಳಿಂಗದೇಶದಲ್ಲಿ ಬಹುಕಾಲ ಇದ್ದು ರಾಜ್ಯಭಾರವನ್ನೇ ನೋಡಿಕೊಂಡರು. ಶ್ರೀಕೂರ್ಮದಲ್ಲಿ 1281ರ ಅವರ ಶಾಸನ ಇಂದಿಗೂ ಇದೆ. ವಿಶಾಖಪಟ್ಟಣದ ಸಿಂಹಾಚಲಕ್ಕೆ ಹೋಗುವ ನಮ್ಮವರು ಅಲ್ಲಿಯೂ ಅವರ ನೆನಪನ್ನು ಶಿಲೆಯಲ್ಲಿ ಕಾಣಬಹುದು. ಆಗ ಅಲ್ಲಿ ಮಾಧ್ವರ ಬೀದಿಗಳೆಷ್ಟಿದ್ದವು? ಶ್ರೀರಾಘವೇಂದ್ರತೀರ್ಥರು ಆದವಾನಿಯ ನವಾಬನಿಂದ ಮಂಚಾಲೆಯನ್ನೇ ಕೇಳಿ ಪಡೆದರೆಂದು ಸಂಪ್ರದಾಯ ಹೇಳುತ್ತದೆ. ಅದು ಫಲವತ್ತಾದ ಗ್ರಾಮವೆಂದಾಗಲಿ, ನಮ್ಮವರು ತುಂಬಿದ ಊರೆಂದಾಗಲಿ ಅಲ್ಲ. ಪ್ರಹ್ಲಾದರು ಯಜ್ಞ ಮಾಡಿದ ನೆಲವೆಂದು. 1671ರಲ್ಲಿ ಅವರು ಅಲ್ಲಿ ವೃಂದಾವನಸ್ಥರಾದ ಮೇಲೆ ಜನ ತಾನಾಗಿಯೇ ಬಂದರು. ನೆರೆಹೊರೆಯು ಕೆಲವೊಮ್ಮೆ ದೊರೆಯುತ್ತದೆ, ಹಲವೊಮ್ಮೆ ನಾವು ಮಾಡಿಕೊಳ್ಳಬೇಕಾಗುತ್ತದೆ. ಸತ್ಸಂಗವೆಂದರೆ ಸತ್ತಿನ ಸಂಗ, ಕುಲದ ಗುಂಪಲ್ಲ. ನಾರದರು ಪೂರ್ವಜನ್ಮದಲ್ಲಿ ದಾಸೀಪುತ್ರರಾಗಿದ್ದು, ಚಾತುರ್ಮಾಸ್ಯಕ್ಕೆ ಬಂದು ತಂಗಿದ್ದ ಮಹಾತ್ಮರ ಸೇವೆಯಿಂದ ಉದ್ಧಾರವಾದರೆಂದು ಭಾಗವತವೇ ಹೇಳುತ್ತದೆಯಲ್ಲವೇ? ನಮ್ಮ ಆಚಾರವನ್ನು ನಾವು ಪಾಲಿಸುವುದು ಬೇರೆ, ಪಕ್ಕದ ಮನೆಯವರನ್ನು ಕೀಳಾಗಿ ಕಾಣುವುದು ಬೇರೆ. ಪರನಾಡಿನಲ್ಲಿ ಮನೆ ಕೇಳಲು ಹೋದವರು ನಾವೇ ಅತಿಥಿಗಳು ಎಂಬುದನ್ನು ಮರೆಯಬಾರದು.

ಮೂರನೆಯ ಪಕ್ಷವೊಂದಿದೆ: ಕುಟುಂಬವನ್ನು ಹಿಂದಿನ ಊರಿನಲ್ಲಿಯೇ ಬಿಟ್ಟು ಯಜಮಾನನು ಒಬ್ಬನೇ ಹೋಗುವುದು. 2016ರಲ್ಲಿ ಆಂಧ್ರಪ್ರದೇಶದ ಸಚಿವಾಲಯವು ಹೈದರಾಬಾದಿನಿಂದ ವೆಲಗಪೂಡಿಗೆ ಬಂದಾಗ ಅನೇಕ ನೌಕರರು ಹೀಗೆಯೇ ಮಾಡಿದರು. ಮಕ್ಕಳ ವಿದ್ಯಾಭ್ಯಾಸ, ಸ್ವಂತ ಮನೆ, ವೃದ್ಧರ ಚಿಕಿತ್ಸೆ ಹೈದರಾಬಾದಿನಲ್ಲಿ. ಕೆಲಸ ಕೃಷ್ಣೆಯ ದಡದಲ್ಲಿ. ಅವರಿಗೆ ವಾರಕ್ಕೆ ಐದೇ ದಿನದ ಕೆಲಸವನ್ನು ಸರಕಾರವು ಗೊತ್ತುಮಾಡಿತು. ವಾರಾಂತ್ಯಕ್ಕೆ ರೈಲು ಹತ್ತುವುದು ನಿತ್ಯವಿಧಿಯಾಯಿತು. ಅನಿವಾರ್ಯವಾದಲ್ಲಿ ಇದು ದೋಷವಲ್ಲ. ಆದರೆ ಒಂದೆರಡು ವರ್ಷವೆಂದು ಆರಂಭವಾದದ್ದು ಮಕ್ಕಳ ಬಾಲ್ಯವನ್ನೇ ನುಂಗುವುದನ್ನು ರೈಲ್ವೆಯ ಸೇವೆಯಲ್ಲಿ ನಾವು ಬಹಳ ಕಂಡಿದ್ದೇವೆ. ಗಾರ್ಹಸ್ಥ್ಯವು ಜೊತೆಯಲ್ಲಿದ್ದು ಮಾಡಬೇಕಾದ ಧರ್ಮ.

ಹಾಗಾದರೆ ಸಿದ್ಧಾಂತವೇನು? ರೈಲ್ವೆಯಲ್ಲಿ ನಮಗೆ ಕ್ವಾರ್ಟರ್ಸ್ ಹಂಚುತ್ತಿದ್ದರು. ಸರದಿ ಬಂದಾಗ ಕೊಟ್ಟದ್ದನ್ನು ತೆಗೆದುಕೊಳ್ಳುತ್ತಿದ್ದೆವು. ಆಯ್ಕೆಯಿಲ್ಲದ ಕಡೆ ಹೊಣೆಯೂ ಕಡಿಮೆ. ಈಗಿನವರಿಗೆ ಆಯ್ಕೆಯಿದೆ, ಆದುದರಿಂದಲೇ ಹೊಣೆಯಿದೆ. ಮನೆಯನ್ನು ಆರಿಸುವವನು ಸಾಮಾನ್ಯವಾಗಿ ಗಳಿಸುವವನು. ಅದರಲ್ಲಿ ನಿಜವಾಗಿ ವಾಸಿಸುವವರು ಬೇರೆಯವರು. ಯಜಮಾನರು ಎಚ್ಚರವಾಗಿ ಮನೆಯಲ್ಲಿರುವುದು ದಿನಕ್ಕೆ ನಾಲ್ಕೈದು ಗಂಟೆ. ತಾಯಿ ಇರುವುದು ಇಪ್ಪತ್ತನಾಲ್ಕು ಗಂಟೆ. ಗಳಿಸುವವನು ತನಗೆ ಬೇಕಾದದ್ದನ್ನು ಆರಿಸಿ ಅದಕ್ಕೆ ಕುಟುಂಬದ ಹಿತವೆಂದು ಹೆಸರಿಡುವ ಅಪಾಯ ಇಲ್ಲಿಯೇ ಇದೆ.

ಭೋಜನದ ವಿಷಯದಲ್ಲಿ ಧರ್ಮಶಾಸ್ತ್ರವು ಒಂದು ಕ್ರಮವನ್ನು ವಿಧಿಸಿದೆ. ಮಕ್ಕಳು, ಗರ್ಭಿಣಿಯರು, ರೋಗಿಗಳು, ವೃದ್ಧರು, ಅತಿಥಿಗಳು ಮೊದಲು. ಗೃಹಸ್ಥ ದಂಪತಿಗಳು ಕೊನೆಗೆ. ಅನ್ನವನ್ನು ತಂದವನು ಅವನೇ ಆದರೂ ಎಲೆ ಹಾಕಿಕೊಳ್ಳುವುದು ಕಡೆಯಲ್ಲಿ. ಅನ್ನಕ್ಕೆ ಸಲ್ಲುವ ಈ ಕ್ರಮವು ಆಶ್ರಯಕ್ಕೂ ಸಲ್ಲಬೇಕೆಂಬುದೇ ನಮ್ಮ ಸಿದ್ಧಾಂತ. ಯಾರು ಹೊರಗೆ ಹೋಗಲು ಹೆಚ್ಚು ಅಶಕ್ತರೋ ಅವರ ಅನುಕೂಲ ಮೊದಲು, ಗಳಿಸುವವನ ಅನುಕೂಲ ಕೊನೆಗೆ.

ಆದರೆ ಅಶಕ್ತರು ಬಾಯಿಬಿಟ್ಟು ಕೇಳುವುದಿಲ್ಲ. ಆ ತಾಯಿಯನ್ನು ಕೇಳಿದಾಗ ಬಂದ ಉತ್ತರ ಇಷ್ಟೇ: "ನಂದೇನದನಪ್ಪ, ಎಲ್ಲಿಟ್ರೂ ಇರತೀನಿ. ನಿಮಗ ಹೆಂಗ ಅನುಕೂಲೋ ಹಂಗ ಮಾಡ್ರಿ." ಎಷ್ಟು ಮನೆಗಳಲ್ಲಿ ಈ ವಾಕ್ಯವನ್ನು ಸಮ್ಮತಿಯೆಂದು ಗ್ರಹಿಸಿ ಮುಂಗಡ ಕೊಟ್ಟುಬಿಟ್ಟಿದ್ದಾರೋ! ವಾಕ್ಯದ ತಾತ್ಪರ್ಯವನ್ನು ಕೇವಲ ಪದಗಳಿಂದ ನಿರ್ಣಯಿಸಬಾರದು. ಉಪಕ್ರಮೋಪಸಂಹಾರ, ಅಭ್ಯಾಸ, ಉಪಪತ್ತಿ ಮೊದಲಾದ ಲಿಂಗಗಳಿಂದ ನಿರ್ಣಯಿಸಬೇಕೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಅದನ್ನು ಇಲ್ಲಿ ಅನ್ವಯಿಸಿ. ಅಭ್ಯಾಸವೆಂದರೆ ಪುನಃಪುನಃ ಹೇಳುವುದು. ಆಕೆ ಒಂದೇ ವಾರದಲ್ಲಿ "ಗುಡಿ ಸಮೀಪ ಅದನೋ ಇಲ್ಲೋ?" ಎಂದು ಹಲವು ಸಲ ಕೇಳಿದ್ದರು. ಉಪಪತ್ತಿಯೆಂದರೆ ಯುಕ್ತಿ. ಮಂಡಿನೋವಿನವರು ವಿದ್ಯುತ್ತು ಹೋದಾಗ ಏಳು ಅಂತಸ್ತು ಇಳಿದಾರೆ? ಗುರುವಾರ ಮಗನ ಕಾರಿಗಾಗಿ ಕಾದು ಕುಳಿತು, ಅವನು ತಡವಾಗಿ ಬಂದಾಗ "ಇರಲಿ ಬಿಡು" ಎಂದಾರು. ಹೀಗೆ ನೂರು ಸಲ "ಇರಲಿ ಬಿಡು" ಎಂದ ಮೇಲೆ ಕೇಳುವುದನ್ನೇ ಬಿಡುತ್ತಾರೆ. ಅದನ್ನು ಮನೆಯವರು ವೈರಾಗ್ಯವೆಂದು ತಿಳಿಯುತ್ತಾರೆ.

ಆ ಕುಟುಂಬವು ಪಟಮಟದ ಮನೆಯನ್ನು ಹಿಡಿಯಿತು. ಬಾಡಿಗೆ ಹೆಚ್ಚಾಯಿತು, ಸ್ವಂತ ಫ್ಲ್ಯಾಟಿನ ಮಾತು ಹಿಂದೆ ಸರಿಯಿತು, ದೇವರ ಮನೆಗೆ ಪ್ರತ್ಯೇಕ ಕೋಣೆಯಿಲ್ಲದೆ ಅಡಿಗೆಮನೆಯ ಪೂರ್ವದ ಗೋಡೆಗೆ ಮಂಟಪವನ್ನು ಇಡಬೇಕಾಯಿತು. ಮಗಳ ಇಂಟರ್‌ಮೀಡಿಯೆಟ್ ತರಗತಿಗಳು ಬೆಳಗಿನಿಂದ ಸಂಜೆಯವರೆಗೆ, ಪ್ರಯಾಣವಾದರೂ ಉಳಿಯಿತು. ಕನ್ನಡ ತೆಲುಗು ಲಿಪಿಗಳ ಸಾಮ್ಯದಿಂದ ಅಜ್ಜಿಯು ಕೆಲವೇ ವಾರಗಳಲ್ಲಿ ಬೀದಿಯ ಫಲಕಗಳನ್ನು ಓದತೊಡಗಿದರು. ಈಗ ಪಕ್ಕದ ಮನೆಯ ವೃದ್ಧೆಯು ಪೋತನನ ಭಾಗವತವನ್ನು ತೆಲುಗಿನಲ್ಲಿ ಓದಿದರೆ, ಇವರು ದಾಸರ ಪದಗಳನ್ನು ಕನ್ನಡದಲ್ಲಿ ಹೇಳುತ್ತಾರೆ. ನಡುವೆ ಭಾಷಾಂತರಕ್ಕೆ ಏಳು ವರ್ಷದ ಮೊಮ್ಮಗ.

ಮನೆ ನೋಡುವವರಿಗೆ ಕೆಲವು ವ್ಯಾವಹಾರಿಕ ಸೂಚನೆಗಳು. ಮನೆಯನ್ನು ಭಾನುವಾರ ಮಧ್ಯಾಹ್ನವಲ್ಲ, ಕೆಲಸದ ದಿನ ಬೆಳಗ್ಗೆ ಒಮ್ಮೆ, ದೀಪ ಹಚ್ಚುವ ಹೊತ್ತಿಗೆ ಒಮ್ಮೆ ನೋಡಬೇಕು. ವಿಜಯವಾಡದ ವೈಶಾಖದ ಬಿಸಿಲು ನಲವತ್ತು ಡಿಗ್ರಿ ದಾಟುವುದರಿಂದ ತಾರಸಿಯ ಕೆಳಗಿನ ಮನೆ ವೃದ್ಧರಿಗೆ ತಕ್ಕದ್ದಲ್ಲ. ನೀರು ಬರುವುದೇ ಎಂದಷ್ಟೇ ಅಲ್ಲ, ನೀರು ನುಗ್ಗುವುದೇ ಎಂದೂ ಕೇಳಬೇಕು. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ಅಜಿತ್‌ಸಿಂಗ್ ನಗರ, ಪಾಯಕಾಪುರಂ ಮೊದಲಾದ ಬಡಾವಣೆಗಳು ದಿನಗಟ್ಟಲೆ ಜಲಾವೃತವಾಗಿದ್ದವು. ಆಗ ನೀರು ಎಲ್ಲಿಯವರೆಗೆ ಬಂದಿತ್ತೆಂಬುದನ್ನು ದಲ್ಲಾಳಿಯನ್ನಲ್ಲ, ಎದುರಿನ ಅಂಗಡಿಯವನನ್ನು ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮನೆ ನೋಡಲು ಹೋಗುವಾಗ ಮನೆಯಲ್ಲಿ ಹೆಚ್ಚು ಹೊತ್ತು ಇರುವವರನ್ನು ಕರೆದೊಯ್ಯಬೇಕು. ಅವರು ಒಳಗೆ ಕಾಲಿಟ್ಟು ಎತ್ತ ನೋಡುತ್ತಾರೆ, ಎಲ್ಲಿ ಒಂದು ಕ್ಷಣ ನಿಲ್ಲುತ್ತಾರೆ ಎಂಬುದನ್ನು ಗಮನಿಸಬೇಕು.

ಪರಸ್ಥಳವೆಂಬ ಅಳುಕು ಯಾರಿಗೂ ಬೇಡ. ಶ್ರೀಜಯತೀರ್ಥರ ಮಳಖೇಡದ ಕಾಗಿಣಿಯು ಭೀಮೆಯನ್ನು ಸೇರುತ್ತದೆ, ಭೀಮೆ ಕೃಷ್ಣೆಯನ್ನು. ಮಂತ್ರಾಲಯದ ತುಂಗಭದ್ರೆಯೂ ಕೃಷ್ಣೆಯನ್ನೇ ಸೇರುತ್ತಾಳೆ. ಆ ಎಲ್ಲ ನೀರೂ ವಿಜಯವಾಡದ ಪ್ರಕಾಶಂ ಬ್ಯಾರೇಜಿನಲ್ಲಿ ನಿಂತು ಕಾಲುವೆಗಳಾಗಿ ಬೆಂಜ್ ಸರ್ಕಲ್ಲಿನ ಆಸುಪಾಸಿನಲ್ಲಿಯೇ ಹರಿಯುತ್ತದೆ. ನದಿಯಾಚೆ ಮಂಗಳಗಿರಿಯಲ್ಲಿ ಪಾನಕದ ನರಸಿಂಹನಿದ್ದಾನೆ. ದೇವರು ಎಲ್ಲೆಡೆಯೂ ಇದ್ದಾನೆ. ಆದರೆ ವೃದ್ಧಮಾತೆಯ ಕಾಲು ಎಷ್ಟು ದೂರ ನಡೆಯಬಲ್ಲದೆಂಬುದನ್ನು ಅಳೆದು ನೋಡಬೇಕಾದವನು ಮಗನೇ.

|| ಶ್ರೀಕೃಷ್ಣಾರ್ಪಣಮಸ್ತು ||