ಅಕ್ಷರದ ಋಣ ಯಾರಿಗೆ?

ನಾಲ್ಕಕ್ಷರ ಕಲಿತ ನಮ್ಮವರಿಗೆ ಎಲ್ಲರೂ ಹೇಳುವ ಬುದ್ಧಿಮಾತು ಒಂದೇ: ಋಣ ಮರೀಬೇಡ. ಶಾಲೆಯ ವಾರ್ಷಿಕೋತ್ಸವಕ್ಕೆ ಬಂದ ಮುಖ್ಯ ಅತಿಥಿ ಹೇಳ್ತಾರೆ. ಹಾಸ್ಟೆಲಿಗೆ ಬಂದ ಅಧಿಕಾರಿ ಹೇಳ್ತಾರೆ. ಊರಿನ ಗೌಡರು ಜಗಲಿ ಮೇಲೆ ಕೂತು ಹೇಳ್ತಾರೆ. ಸ್ಕಾಲರ್‌ಶಿಪ್ಪು ಕೊಟ್ಟ ಸರ್ಕಾರದ ಋಣ, ಪಾಠ ಹೇಳಿದ ಮೇಷ್ಟರ ಋಣ, ಹಳೇ ಪುಸ್ತಕ ಕೊಟ್ಟ ದೊಡ್ಡಮನೆಯವರ ಋಣ. ಉಪಕಾರ ನೆನೆಯದವನು ಮನುಷ್ಯನೇ ಅಲ್ಲ ಎಂದು ನಾವೂ ನಂಬುತ್ತೇವೆ. ಆದರೆ ಈ ಋಣ ಎನ್ನುವ ಮಾತನ್ನು ನಮ್ಮ ಕೇರಿಯೊಳಗೆ ಒಂದು ಸುತ್ತು ಹಾಕಿಸಿ ನೋಡಬೇಕು. ಅಲ್ಲಿ ಅದರ ವಾಸನೆಯೇ ಬೇರೆ.

ನಮ್ಮ ತಾತಂದಿರು ಜೀತಕ್ಕೆ ಬಿದ್ದದ್ದು ಋಣದಿಂದಲೇ. ಮದುವೆಗೋ, ಹೆಣ ಮಣ್ಣು ಮಾಡುವುದಕ್ಕೋ ತಂದ ಒಂದಿಷ್ಟು ದುಡ್ಡು. ಅದಕ್ಕೆ ಒಬ್ಬನ ಹೆಗಲು, ಅವನ ನಂತರ ಅವನ ಮಗನ ಹೆಗಲು. ಸಾಲದ ಲೆಕ್ಕ ಬರೆದ ಪುಸ್ತಕ ಇದ್ದದ್ದು ಧಣಿಯ ಮನೆಯಲ್ಲಿ, ಅದನ್ನು ಓದಬಲ್ಲವನೂ ಧಣಿಯೇ. ‘ಉಪ್ಪು ತಿಂದ ಮನೆಗೆ ಎರಡು ಬಗೀಬ್ಯಾಡ’ ಎಂಬ ಗಾದೆ ಆ ಪುಸ್ತಕದ ಕಾವಲಿಗೆ ನಿಂತಿತ್ತು. 1976ರಲ್ಲಿ ಜೀತಪದ್ಧತಿ ರದ್ದು ಮಾಡುವ ಕಾಯ್ದೆ ಬಂತು. ಕಾನೂನಿನಲ್ಲಿ ಸಾಲ ಅಳಿಯಿತು, ಗಾದೆ ಅಳಿಯಲಿಲ್ಲ. ಅದು ಹೊಲ ಬಿಟ್ಟು ಶಾಲೆಗೆ ಬಂದು ಕೂತಿತು.

1973ರಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದಾಗ ಏನಾಯಿತು? ಮಾತು ಸರಿಯೋ ತಪ್ಪೋ, ವಾದ ಮಾಡಬಹುದಿತ್ತು. ವಾದ ಬಿಟ್ಟು ದಲಿತ ಹುಡುಗರನ್ನು ಹೊಡೆದರು. ಮಂತ್ರಿಗಿರಿಯೂ ಹೋಯಿತು. ಓದಿದ್ದನ್ನು ನಾವು ಹೊಗಳಬಹುದು, ತೂಗಬಾರದು. ತೂಗಿದರೆ ಕೃತಘ್ನರು!

ಶಾಸ್ತ್ರದವರಲ್ಲೂ ಋಣದ ಲೆಕ್ಕ ಉಂಟು. ಮನುಷ್ಯ ಹುಟ್ಟುತ್ತಲೇ ದೇವಋಣ, ಋಷಿಋಣ, ಪಿತೃಋಣ ಅಂತ ಮೂರು ಹೊರೆ. ಇದರಲ್ಲಿ ಋಷಿಋಣ ತೀರುವುದು ವೇದ ಓದಿದರೆ. ಸರಿ, ಓದೇ ಕೂಡದು ಎಂದು ಯಾರನ್ನು ಹೊರಗಿಟ್ಟರೋ ಅವರ ತಲೆ ಮೇಲೆ ಈ ಋಣ ಎಲ್ಲಿಂದ ಬಂತು? ಸಾಲವನ್ನೇ ಕೊಡದವರು ಬಡ್ಡಿ ಕೇಳಿದ ಹಾಗಾಯಿತು.

ಹಾಗಾದರೆ ನಮಗೆ ಯಾರ ಋಣವೂ ಇಲ್ಲವೇ? ಇದೆ. ಆದರೆ ವೇದಿಕೆ ಮೇಲೆ ಕೂತವರಿಗಲ್ಲ. ಮನೆಗೊಂದೇ ಸೀಮೆಎಣ್ಣೆ ಬುಡ್ಡಿ ಇದ್ದ ಕಾಲದಲ್ಲಿ ಅದನ್ನು ಓದೋ ಮಗನ ಮುಂದಿಟ್ಟು, ಒಲೆ ಬೆಳಕಿನಲ್ಲೇ ಮುದ್ದೆ ತೊಳಸಿದ ಅವ್ವನಿಗೆ ಇದೆ. ತಮ್ಮ ಓದಲಿ ಅಂತ ತಾನು ಶಾಲೆ ಬಿಟ್ಟು, ಕೂಸು ಸೊಂಟಕ್ಕೆ ಹಾಕಿಕೊಂಡ ಅಕ್ಕನಿಗೆ ಇದೆ. ಅಂಬೇಡ್ಕರರ ಅಪ್ಪ ರಾಮಜಿ ಸಕ್ಪಾಲ್ ಮಗನಿಗೆ ಪುಸ್ತಕ ಕೊಳ್ಳಲು ಕಾಸಿಲ್ಲದಾಗ ಮದುವೆಯಾದ ಹೆಣ್ಣುಮಕ್ಕಳ ಹತ್ತಿರ ಹೋಗಿ ಒಡವೆ ಇಸಿದುಕೊಂಡು ಅಡವಿಡುತ್ತಿದ್ದರಂತೆ. ಆ ಅಕ್ಕಂದಿರು ತಮ್ಮನಿಗೆ ಎಂದಾದರೂ ಋಣದ ಮಾತಾಡಿದರೇ? ಯಾವ ದಾನಿಗಳ ಫಲಕದಲ್ಲೂ ಅವರ ಹೆಸರು ಕೆತ್ತಿಲ್ಲ. ನಿಜವಾಗಿ ಕೊಟ್ಟವರ ಹೆಸರು ಫಲಕದಲ್ಲಿ ಇರುವುದು ಕಡಿಮೆ.

ಅಂಬೇಡ್ಕರರ ಬದುಕಿನಲ್ಲೇ ಕೊಡುವುದರ ಎರಡು ಬಗೆ ಕಾಣುತ್ತವೆ. 1907ರಲ್ಲಿ ಅವರು ಮೆಟ್ರಿಕ್ ಪಾಸಾದಾಗ ಕೇಳುಸ್ಕರ್ ಎಂಬ ಮೇಷ್ಟರು ತಾವೇ ಬರೆದ ಬುದ್ಧನ ಚರಿತ್ರೆಯನ್ನು ಕೈಗಿತ್ತರು. ಕೊಟ್ಟರು, ಅಷ್ಟೇ. ಓದಿದ ಹುಡುಗ ಏನಾಗಬೇಕು ಎಂದು ಕರಾರು ಬರೆಸಿಕೊಳ್ಳಲಿಲ್ಲ. 49 ವರ್ಷಗಳ ಮೇಲೆ, 1956ರ ಅಕ್ಟೋಬರ್ 14ರಂದು, ಆ ಹುಡುಗ ನಾಗಪುರದಲ್ಲಿ ಬೌದ್ಧನಾದ.

ಇನ್ನೊಂದು ಬಗೆ ಬರೋಡಾದ್ದು. ಮಹಾರಾಜ ಸಯ್ಯಾಜಿರಾವ್ ಗಾಯಕವಾಡರ ಮನಸ್ಸು ದೊಡ್ಡದು, ಅಲ್ಲಗಳೆಯುವುದಿಲ್ಲ. 1906ರಲ್ಲೇ ಆ ಸಂಸ್ಥಾನದಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣ ಬಂತು. 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ಗ್ರಂಥಾಲಯ ತಜ್ಞನನ್ನು ಕರೆಸಿದರು. ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಹಳ್ಳಿಹಳ್ಳಿಗೆ ಕಳಿಸಿದರು. 1913ರಲ್ಲಿ ಅಂಬೇಡ್ಕರರನ್ನು ಕೊಲಂಬಿಯಾಕ್ಕೆ ಓದಲು ಕಳಿಸಿದ್ದೂ ಅವರೇ. ಕರಾರು ಏನೆಂದರೆ, ಓದಿ ಬಂದು ಹತ್ತು ವರ್ಷ ಸಂಸ್ಥಾನದ ಚಾಕರಿ ಮಾಡಬೇಕು. ಅದರಂತೆ 1917ರ ಸೆಪ್ಟೆಂಬರಿನಲ್ಲಿ ಬಂದರು. ಪುಸ್ತಕಕ್ಕೆ ಜಾಗವಿದ್ದ ಊರಿನಲ್ಲಿ ಪುಸ್ತಕ ಓದಿದವನಿಗೆ ತಲೆ ಇಡಲು ಜಾಗವಿಲ್ಲ! ಕಚೇರಿಯ ಜವಾನ ಮುಟ್ಟಿದರೆ ಮೈಲಿಗೆ ಅಂತ ಫೈಲು ದೂರದಿಂದ ಎಸೆಯುತ್ತಿದ್ದ. ಪಾರ್ಸಿಗಳ ಛತ್ರದಲ್ಲಿ ಹೆಸರು ಮರೆಸಿಕೊಂಡು ಇದ್ದವರನ್ನು ದೊಣ್ಣೆ ಹಿಡಿದ ಗುಂಪು ಹೊರಡಿಸಿತು. ರಾತ್ರಿಯ ರೈಲಿಗಾಗಿ ಗಂಟೆಗಟ್ಟಲೆ ಊರಿನ ತೋಟದಲ್ಲಿ ಕೂತಿದ್ದು ಮುಂಬಯಿಗೆ ಹೊರಟರು. ಹತ್ತು ವರ್ಷದ ಕರಾರು ಕೆಲವೇ ದಿನಕ್ಕೆ ಮುರಿಯಿತು.

ಇದು ಕೃತಘ್ನತೆಯೇ? ಅಂಬೇಡ್ಕರರೇ ಉತ್ತರ ಕೊಟ್ಟಿದ್ದಾರೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಐರ್ಲೆಂಡಿನ ನಾಯಕ ಡೇನಿಯಲ್ ಓಕಾನೆಲ್‌ನನ್ನು ನೆನೆದು ಅವರಂದದ್ದರ ತಾತ್ಪರ್ಯ ಇಷ್ಟು: ಮಾನವನ್ನು, ಸ್ವಾತಂತ್ರ್ಯವನ್ನು ಅಡವಿಟ್ಟು ಯಾರೂ ಯಾರಿಗೂ ಕೃತಜ್ಞರಾಗಲಾರರು. ದೇಶಕ್ಕೆ ದುಡಿದ ದೊಡ್ಡವರ ಬಗ್ಗೆಯೂ ಕೃತಜ್ಞತೆಗೊಂದು ಗಡಿ ಇರಲಿ, ರಾಜಕೀಯದಲ್ಲಿ ಭಕ್ತಿ ಬೇಡ ಎಂದರು. ಅವರ ಫೋಟೋಗೆ ಹಾರ ಹಾಕಿ ಅವರ ಪುಸ್ತಕದ ಮೇಲಿನ ಧೂಳು ಒರೆಸದವರಿಗೂ ಈ ಮಾತು ಸಲ್ಲುತ್ತದೆ.

ಬರೋಡಾದ ಆ ತೋಟದ ಜಾಗವನ್ನು ಈಗ ‘ಸಂಕಲ್ಪ ಭೂಮಿ’ ಎಂದು ಕರೆಯುತ್ತಾರೆ. ಸಂಕಲ್ಪ ಎಂದರೆ ನಮಗೆ ಗೊತ್ತಿದ್ದದ್ದು ಪುರೋಹಿತರು ಗೋತ್ರ, ನಕ್ಷತ್ರ ಕೇಳಿ ಮಾಡಿಸುವುದು. ಇಲ್ಲಿ ಗೋತ್ರ ಕೇಳುವವರಿಲ್ಲದೆ ಒಬ್ಬ ಓದುಗನಿಗೆ ತನ್ನ ಓದು ಯಾರಿಗೆ ಸೇರಿದ್ದು ಎಂಬುದು ತಿಳಿಯಿತು. ಓದಿದವರ ಹೊಸ ವರ್ಷದ ಸಂಕಲ್ಪ ಈಗ ಬೇರೆ ರೀತಿ. ಈ ಸಲ ಐವತ್ತು ಪುಸ್ತಕ ಮುಗಿಸ್ತೀನಿ, ನೂರು ಮುಗಿಸ್ತೀನಿ ಅಂತಾರೆ. ಮುಗಿಸಲಿ, ಬೇಡ ಅನ್ನೋರು ಯಾರು? ಆದರೆ ನಾಗಪುರದಲ್ಲಿ ಲಕ್ಷಾಂತರ ಜನ 22 ಪ್ರತಿಜ್ಞೆಗಳನ್ನು ಸ್ವೀಕರಿಸಿದ್ದು ಪುಸ್ತಕ ಎಣಿಸಿ ಅಲ್ಲ. ಅಕ್ಷರ ಬಾರದವರೂ ಅಲ್ಲಿದ್ದರು. ಒಬ್ಬರು ಓದಿದರು, ಎಲ್ಲರೂ ಗಟ್ಟಿಯಾಗಿ ಹೇಳಿದರು.

ಆದ್ದರಿಂದ ನಮ್ಮ ಮಟ್ಟಿಗೆ ಸಂಕಲ್ಪ ಇದೇ ದಾರಿಯದು: ಓದಲು ಬಾರದವರ ಪಕ್ಕ ಕೂತು ಓದುವುದು, ಇದ್ದದ್ದನ್ನು ಇದ್ದ ಹಾಗೆ ಓದುವುದು. ಇದು ಸಣ್ಣ ಕೆಲಸವಲ್ಲ. ದರಖಾಸ್ತಿನಲ್ಲಿ ಸಿಕ್ಕ ಎರಡು ಎಕರೆ ನಮ್ಮವರ ಕೈ ಬಿಟ್ಟದ್ದು ಎಷ್ಟೋ ಕಡೆ ದೊಣ್ಣೆಯಿಂದಲ್ಲ, ಓದಿಹೇಳುವವನ ನಾಲಗೆಯಿಂದ. ಕಾಗದದಲ್ಲಿ ಕ್ರಯ ಅಂತ ಇರುತ್ತೆ, ಬಾಯಲ್ಲಿ ಭೋಗ್ಯ ಅಂತ ಬರುತ್ತೆ. ಹೆಬ್ಬೆಟ್ಟು ಬೀಳುತ್ತೆ. ಅಂಥ ಜಮೀನು ವಾಪಸು ಕೊಡಿಸಲು 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ತಡವಾಗಿ ಬಂದಿರಿ ಎಂದು ಅರ್ಜಿಗಳು ಬಿದ್ದುಹೋಗತೊಡಗಿದಾಗ, ಕಾಲಮಿತಿ ಇಲ್ಲ ಎಂದು 2023ರಲ್ಲಿ ತಿದ್ದುಪಡಿ ತರಬೇಕಾಯಿತು. ಈ ತಿದ್ದುಪಡಿಯನ್ನು ಜಮೀನು ಕಳಕೊಂಡವರ ಜಗಲಿಯಲ್ಲಿ ಕೂತು ಓದಿದವರು ಎಷ್ಟು ಮಂದಿ? ಪಂಚಾಯ್ತಿ ಲೈಬ್ರರಿಗೆ ಈಗ ಅರಿವು ಕೇಂದ್ರ ಎಂಬ ಒಳ್ಳೆ ಹೆಸರಿದೆ. ಅಲ್ಲಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ದಿನಕ್ಕೆ ಅರ್ಧ ಗಂಟೆ ಈ ಕೆಲಸಕ್ಕೆ ಕೊಟ್ಟರೆ ಅವರ ಪರೀಕ್ಷೆ ಕೆಡುವುದಿಲ್ಲ.

ಒಂದು ಅಪಾಯ ಮಾತ್ರ ಉಂಟು. ಓದಿ ಹೇಳಿದವನು ನಾಳೆ ತಾನೇ ಋಣ ಕೇಳಲು ಶುರು ಮಾಡಬಹುದು. ‘ನಿನ್ನ ಕಾಗದ ಓದಿದೋನು ನಾನು, ಓಟು ನನಗೇ ಹಾಕು’ ಎನ್ನುವವರು ನಮ್ಮೊಳಗೇ ಬೆಳೆದಿದ್ದಾರೆ. ಇದಕ್ಕೆ ಮದ್ದನ್ನು ನಮ್ಮ ಮುದುಕಿಯರು ಯಾವತ್ತೋ ಕಂಡುಕೊಂಡಿದ್ದಾರೆ. ತಾಲ್ಲೂಕು ಕಚೇರಿಯಿಂದ ಬಂದ ನೋಟೀಸು ಹಿಡಕೊಂಡು ಬಂದ ಅಜ್ಜಿ ಪೂರ್ತಿ ಕೇಳಿಸಿಕೊಳ್ಳುತ್ತಾಳೆ. ‘ಇನ್ನೊಂದ್ಸಲ ಓದಪ್ಪ’ ಅಂತಾಳೆ. ಓದಿದರೆ ತಲೆ ಆಡಿಸಿ, ಕಾಗದ ಮಡಿಚಿ ಸೆರಗಿಗೆ ಗಂಟು ಹಾಕಿಕೊಳ್ಳುತ್ತಾಳೆ. ಆಮೇಲೆ ಸೀದಾ ಪಕ್ಕದ ಬೀದಿಗೆ ಹೋಗಿ, ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳ ಮುಂದೆ ಅದೇ ಕಾಗದ ಬಿಚ್ಚಿ, ‘ಏನು ಬರೆದವ್ರೆ, ಓದವ್ವ’ ಅಂತಾಳೆ.