ಎಚ್ಚರವನ್ನು ಯಂತ್ರಕ್ಕೆ ವಹಿಸಬಹುದೇ?

ಕೆಲವು ವರ್ಷಗಳ ಹಿಂದೆ ನಮ್ಮ ಹತ್ತಿರದ ಬಂಧುಗಳೊಬ್ಬರು ಕರಾವಳಿಯ ಆಸ್ಪತ್ರೆಯೊಂದರ ಜನರಲ್ ವಾರ್ಡಿನಲ್ಲಿ ದಾಖಲಾಗಿದ್ದರು. ವಯಸ್ಸು ಎಪ್ಪತ್ತು ದಾಟಿತ್ತು, ಕಿವಿ ಸ್ವಲ್ಪ ಮಂದ. ಹೆಸರು ಅಬ್ದುಲ್ ರಹಿಮಾನ್. ಪಕ್ಕದ ಮಂಚದಲ್ಲಿ ಮಲಗಿದ್ದವರ ಹೆಸರೂ ಅಬ್ದುಲ್ ರಹಿಮಾನ್. ನಮ್ಮ ಕಡೆ ಇದೇನೂ ಅಪರೂಪವಲ್ಲ. ಇಬ್ಬರು ಲಕ್ಷ್ಮಮ್ಮ, ಮೂವರು ಫಾತಿಮಾ ಒಂದೇ ವಾರ್ಡಿನಲ್ಲಿ ಇರುವುದುಂಟು. ರಾತ್ರಿ ಊಟದ ಹೊತ್ತಿಗೆ ಯುವ ನರ್ಸ್ ಒಬ್ಬಳು ಟ್ರೇ ಹಿಡಿದು ಬಂದು, “ಅಬ್ದುಲ್ ರಹಿಮಾನ್ ಅಲ್ವಾ ಅಜ್ಜ?” ಎಂದು ಕೇಳಿದಳು. ಅಜ್ಜ ಹೌದೆಂದರು. ಸುಳ್ಳೇನಲ್ಲವಲ್ಲ! ಆಕೆ ತೋಳಿನ ಬಟ್ಟೆ ಸರಿಸಿ ಸಿರಿಂಜ್ ಎತ್ತಿಕೊಂಡಾಗ ನಾವು, “ಇದು ಯಾವ ಇಂಜೆಕ್ಷನ್ ಸಿಸ್ಟರ್?” ಎಂದು ಸುಮ್ಮನೆ ವಿಚಾರಿಸಿದೆವು. “ಇನ್ಸುಲಿನ್” ಎಂದಳು. ನಮ್ಮ ಅಜ್ಜನಿಗೆ ಸಕ್ಕರೆ ಕಾಯಿಲೆಯೇ ಇರಲಿಲ್ಲ.

ಆಕೆಯ ಮುಖ ಬಿಳಿಚಿಕೊಂಡಿತು. ಸಿರಿಂಜನ್ನು ಟ್ರೇಗೆ ಹಾಕಿ, ಇತ್ತ ಬಂದು ತಗ್ಗಿದ ದನಿಯಲ್ಲಿ, “ದಮ್ಮಯ್ಯ, ಮೇಡಂ ಹತ್ರ ಹೇಳ್ಬೇಡಿ. ನನ್ನ ಕೆಲಸ ಹೋಗ್ತದೆ” ಎಂದಳು. ಆ ರಾತ್ರಿ ಆ ವಾರ್ಡಿನ ನಲ್ವತ್ತು ಮಂಚಗಳಿಗೆ ಅವಳೂ ಇನ್ನೊಬ್ಬಳೂ ಮಾತ್ರ ಇದ್ದುದನ್ನು ನಾವು ಕಣ್ಣಾರೆ ಕಂಡಿದ್ದೆವು.

ಹೇಳಬೇಕೇ, ಬೇಡವೇ? ಹೇಳದಿದ್ದರೆ ನಾಳೆ ಇನ್ನೊಬ್ಬರಿಗೆ ಇದೇ ಆಗಬಹುದು, ಅಲ್ಲಿ ಪ್ರಶ್ನೆ ಕೇಳುವ ಬಂಧು ಇಲ್ಲದೆಯೂ ಇರಬಹುದು. ಹೇಳಿದರೆ ಒಂದು ಬಡ ಮನೆಯ ಹುಡುಗಿಯ ಅನ್ನಕ್ಕೆ ಕಲ್ಲು. ಈ ಗೊಂದಲವೇ ನಮ್ಮನ್ನು ಔಷಧಿಯನ್ನೂ ರೋಗಿಯನ್ನೂ ಬಾರ್‌ಕೋಡ್ ಮೂಲಕ ಹೊಂದಿಸುವ ವಿಧಾನದತ್ತ ಕುತೂಹಲದಿಂದ ನೋಡುವಂತೆ ಮಾಡಿತು. ಯಂತ್ರವೊಂದು ‘ಇದು ಈತನದಲ್ಲ’ ಎಂದು ಹೇಳಿಬಿಡುವುದಾದರೆ ಇಂತಹ ಧರ್ಮಸಂಕಟವೇ ಹುಟ್ಟುವುದಿಲ್ಲವಲ್ಲ ಎಂದು ನಾವು ಭಾವಿಸಿದ್ದೆವು. ವಿಷಯ ಅಷ್ಟು ಸರಳವಾಗಿಲ್ಲ.

ಬಾರ್‌ಕೋಡ್ ಹುಟ್ಟಿದ್ದು ಆಸ್ಪತ್ರೆಗಾಗಿ ಅಲ್ಲ, ಅಂಗಡಿಗಾಗಿ. ಅಮೆರಿಕದ ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಮತ್ತು ಬರ್ನಾರ್ಡ್ ಸಿಲ್ವರ್ ಎಂಬವರಿಗೆ 1952ರಲ್ಲಿ ಇದರ ಪೇಟೆಂಟ್ ದೊರೆಯಿತು. ಇಂದು ನಾವು ಕಾಣುವ ರೂಪದ ಗೆರೆಗಳನ್ನು ಅಂಗಡಿಯ ಗಲ್ಲದಲ್ಲಿ ಯಂತ್ರವು ಮೊದಲ ಬಾರಿಗೆ ಓದಿದ್ದು 1974ರ ಜೂನ್ 26ರಂದು, ಒಹಾಯೋ ರಾಜ್ಯದ ಟ್ರಾಯ್ ಎಂಬ ಊರಿನ ಒಂದು ಸೂಪರ್ ಮಾರ್ಕೆಟ್‌ನಲ್ಲಿ. ಓದಿಸಿದ ವಸ್ತು ಚ್ಯೂಯಿಂಗ್ ಗಮ್‌ನ ಪೊಟ್ಟಣ. ಅದು ಅಲ್ಲಿಂದ ರೋಗಿಯ ಮಂಚದ ಬಳಿಗೆ ಬರಲು ಸುಮಾರು ಎರಡು ದಶಕ ಹಿಡಿಯಿತು. ತಂದವರು ವಿಜ್ಞಾನಿಯಲ್ಲ, ಒಬ್ಬ ನರ್ಸ್. ಕನ್ಸಾಸ್ ರಾಜ್ಯದ ಟೊಪೀಕಾದಲ್ಲಿ ಮಾಜಿ ಸೈನಿಕರಿಗಾಗಿ ಸರಕಾರ ನಡೆಸುವ ಆಸ್ಪತ್ರೆಯ ಸ್ಯೂ ಕಿನಿಕ್ 1992ರಲ್ಲಿ ಬಾಡಿಗೆ ಕಾರೊಂದನ್ನು ಹಿಂದಿರುಗಿಸುವಾಗ, ಕಂಪೆನಿಯ ನೌಕರ ಕೈಯಲ್ಲಿದ್ದ ಸಣ್ಣ ಯಂತ್ರದಿಂದ ಕಾರಿನ ಗೆರೆಗಳನ್ನು ಓದಿಸಿ ಕ್ಷಣದಲ್ಲಿ ಲೆಕ್ಕ ಮುಗಿಸಿದ್ದನ್ನು ಕಂಡರು. ಕಾರಿಗೆ ಸಾಧ್ಯವಾದದ್ದು ಔಷಧಿಗೆ ಏಕೆ ಸಾಧ್ಯವಾಗಬಾರದು ಎಂಬ ವಿಚಾರ ಅವರಿಗೆ ಹೊಳೆಯಿತು. ಆ ಆಸ್ಪತ್ರೆಯಲ್ಲಿ ನಡೆದ ಪ್ರಯೋಗವೇ ಮುಂದೆ ದೇಶದಾದ್ಯಂತ ಮಾಜಿ ಸೈನಿಕರ ಆಸ್ಪತ್ರೆಗಳಿಗೆ ಹಬ್ಬಿತು.

ಕೆಲಸದ ಕ್ರಮ ಹೀಗಿದೆ. ರೋಗಿ ದಾಖಲಾದೊಡನೆ ಮಣಿಕಟ್ಟಿಗೆ ಗೆರೆಗಳುಳ್ಳ ಪಟ್ಟಿ ಕಟ್ಟುತ್ತಾರೆ. ಒಂದೊಂದು ಮಾತ್ರೆಯ, ಒಂದೊಂದು ಸೀಸೆಯ ಮೇಲೂ ಗೆರೆಗಳಿರುತ್ತವೆ. ನರ್ಸ್ ಮೊದಲು ಪಟ್ಟಿಯನ್ನು, ಬಳಿಕ ಔಷಧಿಯನ್ನು ಓದಿಸುತ್ತಾಳೆ. ವೈದ್ಯರು ಈ ರೋಗಿಗೆ ಈ ಔಷಧಿಯನ್ನು, ಈ ಪ್ರಮಾಣದಲ್ಲಿ, ಈ ವೇಳೆಗೆ ಬರೆದಿದ್ದಾರೆಯೇ ಎಂದು ಕಂಪ್ಯೂಟರ್ ತಾಳೆ ನೋಡುತ್ತದೆ. ಹೊಂದದಿದ್ದರೆ ಎಚ್ಚರಿಸುತ್ತದೆ. ರಕ್ತದ ಚೀಲಕ್ಕೂ ಇದೇ ಕ್ರಮ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಘಟಕಗಳಲ್ಲಿ ತಾಯಂದಿರು ಹಿಂಡಿಕೊಟ್ಟ ಎದೆಹಾಲಿನ ಬಾಟಲಿಗಳನ್ನೂ ಕೆಲವೆಡೆ ಹೀಗೆಯೇ ಮಗುವಿನ ಪಟ್ಟಿಯೊಂದಿಗೆ ಹೊಂದಿಸುತ್ತಾರೆ. ಒಬ್ಬ ತಾಯಿಯ ಹಾಲು ಇನ್ನೊಬ್ಬಳ ಮಗುವಿಗೆ ಹೋದರೆ ಸೋಂಕಿನ ಭಯ ಎಲ್ಲರಿಗೂ ಇದೆ. ಮುಸ್ಲಿಮರಿಗೆ ಇದರಲ್ಲಿ ಇನ್ನೂ ಒಂದು ವಿಷಯವಿದೆ. ಹಾಲು ಕುಡಿಸಿದವಳು ತಾಯಿಯಾಗುತ್ತಾಳೆ, ಅವಳ ಮಕ್ಕಳು ಒಡಹುಟ್ಟಿದವರಾಗುತ್ತಾರೆ, ಅವರೊಂದಿಗೆ ಮದುವೆ ನಿಷಿದ್ಧವಾಗುತ್ತದೆ. ಕರಾವಳಿಯ ಶಾಫಿಈಗಳ ಪ್ರಕಾರ ಇದಕ್ಕೆ ಐದು ಬಾರಿ ಕುಡಿಸಿರಬೇಕು. ಹನಫಿಗಳ ಪ್ರಕಾರ ಒಮ್ಮೆಯೇ ಸಾಕು. ಫ್ರಿಜ್‌ನಲ್ಲಿ ಅದಲುಬದಲಾದ ಒಂದು ಬಾಟಲಿಯು ಇಪ್ಪತ್ತೈದು ವರ್ಷಗಳ ಬಳಿಕ ಎರಡು ಮನೆಗಳ ಮದುವೆಯ ಮಾತುಕತೆಯಲ್ಲಿ ಪ್ರಶ್ನೆಯಾಗಬಲ್ಲದು, ಅದೂ ಯಾರಿಗೂ ತಿಳಿಯದ ಪ್ರಶ್ನೆಯಾಗಿ! ಗೆರೆಗಳ ಒಂದು ಚೂರು ಕಾಗದ ಏನೇನನ್ನೆಲ್ಲ ಕಾಯುತ್ತದೆ ನೋಡಿ.

ಮನುಷ್ಯನನ್ನು ಸೋಪಿನ ಪೊಟ್ಟಣದಂತೆ ಯಂತ್ರಕ್ಕೆ ಹಿಡಿಯುವುದು ಅವನ ಘನತೆಗೆ ಕುಂದಲ್ಲವೇ ಎಂಬ ಆಕ್ಷೇಪವಿದೆ. ಇದನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಕಳೆದ ಶತಮಾನದಲ್ಲಿ ಆಶ್‌ವಿಟ್ಸ್‌ನ ಶಿಬಿರದಲ್ಲಿ ಮನುಷ್ಯರ ತೋಳಿನ ಮೇಲೆ ಹಚ್ಚೆಯಾಗಿ ಕೊರೆದ ಅಂಕಿಗಳನ್ನು ಜಗತ್ತು ಕಂಡಿದೆ. ಆ ಅಂಕಿ ಹೆಸರನ್ನು ಅಳಿಸಲೆಂದೇ ಇತ್ತು. ಆಸ್ಪತ್ರೆಯ ಪಟ್ಟಿ ಇರುವುದು ಒಂದೇ ಹೆಸರಿನ ಇಬ್ಬರನ್ನು ಬೇರೆಬೇರೆಯಾಗಿಯೇ ಉಳಿಸಲು. ಮನೆಗೆ ಹೊರಡುವಾಗ ಕತ್ತರಿಯಿಂದ ಅದನ್ನು ಕತ್ತರಿಸಿ ಬುಟ್ಟಿಗೆ ಹಾಕುತ್ತಾರೆ. ನಿಜ ಹೇಳಬೇಕೆಂದರೆ, ‘ಹನ್ನೆರಡನೇ ಬೆಡ್ಡಿನ ಕಿಡ್ನಿ’ ಎಂದು ರೋಗಿಯನ್ನು ಕರೆಯುವ ವಾರ್ಡಿನ ಭಾಷೆ ಈ ಗೆರೆಗಳಿಗಿಂತ ಹೆಚ್ಚು ಘನತೆಗೆಡಿಸುವಂತಹದು. ಅದು ತಪ್ಪಿಗೂ ದಾರಿ. ಮಂಚ ಬದಲಾದರೆ ಕಿಡ್ನಿಯೂ ಬದಲಾಗುತ್ತದೆ! ರೋಗಿಯನ್ನು ಗುರುತಿಸಲು ಕನಿಷ್ಠ ಎರಡು ಗುರುತುಗಳು ಬೇಕು, ಕೋಣೆಯ ಸಂಖ್ಯೆ ಅದರಲ್ಲೊಂದು ಆಗಕೂಡದು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಸೂಚಿಸಿದ್ದು ಈ ಕಾರಣಕ್ಕೇ.

ನಮಗೆ ಇದಕ್ಕಿಂತ ಗಂಭೀರವಾಗಿ ಕಾಣುವುದು ಇನ್ನೊಂದು ಪ್ರಶ್ನೆ. ಎಚ್ಚರಿಕೆ ಎಂಬುದು ನೈತಿಕ ಗುಣವೇ, ಅಥವಾ ಯಂತ್ರದಿಂದ ಮಾಡಿಸಬಹುದಾದ ಕೆಲಸವೇ? ಒಳ್ಳೆಯ ನರ್ಸ್ ತಪ್ಪು ಮಾಡುವುದಿಲ್ಲ, ತಪ್ಪು ಮಾಡಿದವಳು ಒಳ್ಳೆಯ ನರ್ಸ್ ಅಲ್ಲ ಎಂದು ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1999ರಲ್ಲಿ ಹೊರತಂದ ವರದಿಯೊಂದು ಈ ನಂಬಿಕೆಯನ್ನು ಅಲುಗಾಡಿಸಿತು. ಆ ದೇಶದ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44,000ದಿಂದ 98,000 ಮಂದಿ ತಡೆಯಬಹುದಾಗಿದ್ದ ತಪ್ಪುಗಳಿಂದ ಸಾಯುತ್ತಾರೆ ಎಂದು ಅದು ಅಂದಾಜಿಸಿತು. ಇಷ್ಟು ಜನರನ್ನು ಕೆಟ್ಟವರು ಕೊಂದರೇ? ಖಂಡಿತ ಅಲ್ಲ. ಒಳ್ಳೆಯವರೇ ತಪ್ಪು ಮಾಡುವಂತಹ ವ್ಯವಸ್ಥೆಯಲ್ಲಿ ಕೆಲಸ ಮಾಡುತ್ತಿದ್ದಾರೆ ಎಂಬುದು ವರದಿಯ ತಿರುಳು. ಮನುಷ್ಯ ಮರೆಯುತ್ತಾನೆ, ದಣಿಯುತ್ತಾನೆ. ಇದನ್ನು ಮೊದಲೇ ಒಪ್ಪಿಕೊಂಡು ಬೇಲಿ ಕಟ್ಟುವುದು ಅವನಿಗೆ ಮಾಡುವ ಅವಮಾನವಲ್ಲ. ನಮ್ಮ ದೃಷ್ಟಿಯಲ್ಲಿ ಅದು ವಿನಯ.

ಬೇಲಿಯಿಂದ ಪ್ರಯೋಜನವೂ ಇದೆ. ಬೋಸ್ಟನ್‌ನ ಬ್ರಿಗಮ್ ಆ್ಯಂಡ್ ವಿಮೆನ್ಸ್ ಆಸ್ಪತ್ರೆಯಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಾರ್‌ಕೋಡ್ ಇಲ್ಲದ ಕಡೆ ಔಷಧಿ ಕೊಡುವಾಗ ಶೇ. 11.5ರಷ್ಟಿದ್ದ ತಪ್ಪುಗಳು (ವೇಳೆ ಹಿಂದೆಮುಂದಾದುದನ್ನು ಇದರಲ್ಲಿ ಸೇರಿಸಿಲ್ಲ), ಬಾರ್‌ಕೋಡ್ ಇದ್ದ ಕಡೆ ಶೇ. 6.8 ಇದ್ದವು. ಅಂದರೆ ಬಹಳಷ್ಟು ಇಳಿದವು, ಇಲ್ಲವಾಗಲಿಲ್ಲ.

ಏಕೆ ಇಲ್ಲವಾಗಲಿಲ್ಲ ಎಂಬುದಕ್ಕೆ 2008ರ ಇನ್ನೊಂದು ಅಧ್ಯಯನದಲ್ಲಿ ಸ್ವಲ್ಪ ಉತ್ತರವಿದೆ. ಐದು ಆಸ್ಪತ್ರೆಗಳಲ್ಲಿ ನರ್ಸ್‌ಗಳು ಯಂತ್ರವನ್ನು ಬಳಸಿಹೋಗಲು ಕಂಡುಕೊಂಡ 15 ಬಗೆಯ ಅಡ್ಡದಾರಿಗಳನ್ನು ರಾಸ್ ಕೊಪೆಲ್ ಮತ್ತು ಸಂಗಡಿಗರು ಅದರಲ್ಲಿ ಪಟ್ಟಿ ಮಾಡಿದ್ದಾರೆ. ರೋಗಿಗಳ ಪಟ್ಟಿಯ ನಕಲುಗಳನ್ನು ಔಷಧಿ ಗಾಡಿಗೆ, ಬಾಗಿಲ ಚೌಕಟ್ಟಿಗೆ, ತಮ್ಮ ಸೊಂಟದ ಬಳೆಗೆ ಅಂಟಿಸಿಕೊಂಡು ಅಲ್ಲಿಂದಲೇ ಓದಿಸುತ್ತಿದ್ದರು. ಯಂತ್ರಕ್ಕೆ ತೃಪ್ತಿ, ರೋಗಿ ಮಾತ್ರ ಅಲ್ಲಿಲ್ಲ! ಓದಿ ನಮಗೆ ಮೊದಲು ಸಿಟ್ಟು ಬಂತು. ಮುಂದೆ ಅದೇ ಅಧ್ಯಯನ ಕೊಡುವ 31 ಕಾರಣಗಳನ್ನು ನೋಡಿದಾಗ ಸಿಟ್ಟು ಬೇರೆ ಕಡೆಗೆ ತಿರುಗಿತು. ರೋಗಿ ಜಗಿದ ಅಥವಾ ನೀರಲ್ಲಿ ನೆನೆದ ಪಟ್ಟಿ, ಮುದುಡಿದ ಗೆರೆಗಳು, ಸತ್ತ ಬ್ಯಾಟರಿ, ಕೈಕೊಡುವ ವೈರ್‌ಲೆಸ್ ಸಂಪರ್ಕ, ಗೆರೆಗಳೇ ಇಲ್ಲದ ಔಷಧಿ, ತುರ್ತು ಪರಿಸ್ಥಿತಿ. ದಾಖಲಾದ ಔಷಧಿಗಳಲ್ಲಿ ಶೇ. 10.3ರ ವಿಷಯದಲ್ಲಿ ನರ್ಸ್‌ಗಳು ಯಂತ್ರದ ಎಚ್ಚರಿಕೆಯನ್ನು ಬದಿಗೊತ್ತಿ ಮುಂದುವರಿದಿದ್ದರು. ಯಂತ್ರ ಪದೇಪದೇ ಸುಮ್ಮಸುಮ್ಮನೆ ಕೂಗಿದರೆ ಅದು ನಿಜವಾಗಿ ಕೂಗಿದಾಗಲೂ ಯಾರೂ ತಲೆಯೆತ್ತುವುದಿಲ್ಲ. ಅಡ್ಡದಾರಿ ಹಿಡಿದವಳನ್ನು ಸೋಮಾರಿ ಎನ್ನುವ ಮುನ್ನ, ನೆಟ್ಟಗಿನ ದಾರಿ ನಡೆಯುವಂತಿತ್ತೇ ಎಂದು ಕೇಳಬೇಡವೇ?

ಈ ಪ್ರಶ್ನೆ ಒಂದು ನ್ಯಾಯಾಲಯದ ಮುಂದೆಯೂ ಬಂತು. 2017ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ, ಸ್ಕ್ಯಾನಿಂಗ್‌ಗೆ ಬಂದಿದ್ದ 75ರ ವೃದ್ಧೆಯೊಬ್ಬರಿಗೆ ಭಯ ಕಡಿಮೆ ಮಾಡುವ ವರ್ಸೆಡ್ ಎಂಬ ಔಷಧಿ ಕೊಡಬೇಕಿತ್ತು. ನರ್ಸ್ ಔಷಧಿಯ ಕಪಾಟಿನ ಕಂಪ್ಯೂಟರಿನಲ್ಲಿ ಆ ಹೆಸರಿನ ಮೊದಲೆರಡು ಅಕ್ಷರ ಒತ್ತಿದಳು. ಅಲ್ಲಿ ಅದು ಬೇರೆ ಹೆಸರಿನಲ್ಲಿತ್ತು. ತಡೆಯನ್ನು ಬದಿಗೊತ್ತಿ ಅವಳು ತೆಗೆದುಕೊಂಡದ್ದು ಅದೇ ಅಕ್ಷರಗಳಿಂದ ಆರಂಭವಾಗುವ ವೆಕ್ಯುರೋನಿಯಂ. ಉಸಿರಾಟದ ಸ್ನಾಯುಗಳನ್ನೂ ಸ್ತಬ್ಧಗೊಳಿಸುವ ಔಷಧಿ ಅದು. ಸ್ಕ್ಯಾನಿಂಗ್ ನಡೆಯುವ ಆ ಜಾಗದಲ್ಲಿ ಬಾರ್‌ಕೋಡ್ ಓದುವ ಯಂತ್ರವಿರಲಿಲ್ಲ. ವೃದ್ಧೆ ತೀರಿಕೊಂಡರು.

ಸೀಸೆಯ ಮುಚ್ಚಳದ ಮೇಲೆಯೇ ಎಚ್ಚರಿಕೆ ಅಚ್ಚಾಗಿತ್ತು. ಅದನ್ನು ಓದದಿದ್ದದ್ದು ಸಣ್ಣ ತಪ್ಪಲ್ಲ. ನರ್ಸ್ ಅದನ್ನು ಮರೆಮಾಚಲೂ ಇಲ್ಲ, ಕೂಡಲೇ ಒಪ್ಪಿಕೊಂಡಳು. ಅವಳ ಲೈಸೆನ್ಸ್ ರದ್ದಾಯಿತು. 2022ರಲ್ಲಿ ನ್ಯಾಯಾಲಯ ಅವಳನ್ನು ನಿರ್ಲಕ್ಷ್ಯದಿಂದಾದ ನರಹತ್ಯೆಯ ಅಪರಾಧಿಯೆಂದು ಸಾರಿ ಮೂರು ವರ್ಷಗಳ ಪ್ರೊಬೇಷನ್ ವಿಧಿಸಿತು. ಆಸ್ಪತ್ರೆಯ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಯಲಿಲ್ಲ. ಇನ್ನು ಮುಂದೆ ಯಾವ ನರ್ಸ್ ತಾನೇ ತಪ್ಪನ್ನು ಒಪ್ಪಿಕೊಂಡಾಳು ಎಂದು ಆ ದೇಶದ ನರ್ಸ್‌ಗಳು ಬೀದಿಗಿಳಿದರು. 2024ರಲ್ಲಿ ಕೆಂಟಕಿ ರಾಜ್ಯವು ತೀವ್ರ ನಿರ್ಲಕ್ಷ್ಯ ಅಥವಾ ದುರುದ್ದೇಶ ಇಲ್ಲದ ಇಂತಹ ತಪ್ಪುಗಳನ್ನು ಕ್ರಿಮಿನಲ್ ಅಪರಾಧವೆಂದು ಪರಿಗಣಿಸದಂತೆ ಕಾನೂನು ಮಾಡಿತು.

ಸತ್ತವಳ ಮಕ್ಕಳ ಜಾಗದಲ್ಲಿ ನಿಂತು ನೋಡಿದರೆ ‘ವ್ಯವಸ್ಥೆಯ ತಪ್ಪು’ ಎಂಬ ಮಾತು ಬಹಳ ತಣ್ಣಗಿದೆ. ವ್ಯವಸ್ಥೆ ಬಂದು ಕ್ಷಮೆ ಕೇಳುವುದಿಲ್ಲ, ಅದಕ್ಕೆ ರಾತ್ರಿ ನಿದ್ದೆ ಕೆಡುವುದಿಲ್ಲ. ಹೊಣೆಯನ್ನು ಎಲ್ಲರಿಗೂ ಹಂಚಿದರೆ ಯಾರ ಪಾಲಿಗೂ ಉಳಿಯದೆ ಹೋಗುವ ಅಪಾಯವಿದೆ. ಆದರೆ ಹೊಣೆಯೆಲ್ಲವನ್ನೂ ಕಟ್ಟಕಡೆಗೆ ಸಿರಿಂಜ್ ಹಿಡಿದ ಕೈಯ ಮೇಲೆ ಹೊರಿಸಿದರೆ, ಯಂತ್ರ ಬೇಡವೆಂದವನು, ಹತ್ತು ಜನ ಬೇಕಾದಲ್ಲಿ ಇಬ್ಬರನ್ನು ಇಟ್ಟವನು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾನೆ. ನರ್ಸ್‌ಗೆ ತನ್ನ ಹೊಣೆ ಇದೆ. ಅದು ಚಿಕ್ಕದಲ್ಲ. ಅವಳದ್ದಕ್ಕಿಂತ ದೊಡ್ಡದು ಅವಳನ್ನು ಆ ಸ್ಥಿತಿಯಲ್ಲಿ ನಿಲ್ಲಿಸಿದವರದ್ದು ಎಂದು ನಾವು ಭಾವಿಸುತ್ತೇವೆ.

ನಮ್ಮಲ್ಲಿ ಪರಿಸ್ಥಿತಿ ಬೇರೆಯೇ ಇದೆ. ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಕೈಪಟ್ಟಿಯೂ ಗೆರೆಗಳೂ ಬಂದಿವೆ. ಉಳಿದೆಡೆ ಔಷಧಿಯನ್ನು ರೋಗಿಗೆ ಹೊಂದಿಸುವ ಕೆಲಸ ಬಹುಮಟ್ಟಿಗೆ ಬಂಧುಗಳದ್ದೇ. ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಓಡುವವರು ಅವರು. ಅಂಗಡಿಯವನು ನಾಲ್ಕೇ ಮಾತ್ರೆ ಸಾಕೆಂದರೆ ಸ್ಟ್ರಿಪ್ಪನ್ನು ಕತ್ತರಿಯಿಂದ ಕತ್ತರಿಸಿ ಕೊಡುತ್ತಾನೆ. ಔಷಧಿಯ ಹೆಸರೂ ಅವಧಿ ಮುಗಿಯುವ ದಿನಾಂಕವೂ ಆಚೆಯ ತುಂಡಿನಲ್ಲಿ ಉಳಿದುಬಿಡಬಹುದು. 2023ರ ಆಗಸ್ಟ್‌ನಿಂದ ಕೇಂದ್ರ ಸರಕಾರವು 300 ಬ್ರಾಂಡ್‌ಗಳ ಔಷಧಿಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ ಮಾಡಿದೆ. ಒಳ್ಳೆಯದೇ. ಆದರೆ ಔಷಧಿ ಅಸಲಿಯೋ ನಕಲಿಯೋ ಎಂದು ತಿಳಿಯುವುದು ಅದರ ಉದ್ದೇಶ. ಅದು ಯಾರಿಗೆ ಸೇರಬೇಕೆಂಬುದನ್ನು ಆ ಕೋಡ್ ಹೇಳದು. ಅಸಲಿ ಇನ್ಸುಲಿನ್ ಕೂಡ ತಪ್ಪು ತೋಳಿಗೆ ಹೋದರೆ ಕೊಲ್ಲಬಲ್ಲದು.

ಆ ರಾತ್ರಿಯ ಮಾತಿಗೆ ಬರೋಣ. ನಾವು ಬೆಳಗ್ಗಿನ ತನಕ ನಿದ್ದೆ ಮಾಡಲಿಲ್ಲ. ಕೊನೆಗೆ ಹುಡುಗಿಯ ಹೆಸರು ಹೇಳುವುದು ಬೇಡ, ವಿಷಯ ಹೇಳದೆ ಬಿಡುವುದೂ ಬೇಡ ಎಂದು ತೀರ್ಮಾನಿಸಿ ವಾರ್ಡಿನ ಹಿರಿಯ ನರ್ಸ್ ಬಳಿಗೆ ಹೋದೆವು. ಒಂದೇ ಹೆಸರಿನ ಇಬ್ಬರು ಅಕ್ಕಪಕ್ಕ ಇದ್ದಾರೆ, ಇಂಜೆಕ್ಷನ್ ಅದಲುಬದಲಾಗುವುದರಲ್ಲಿತ್ತು, ದಯವಿಟ್ಟು ಮಂಚಗಳನ್ನು ಬೇರೆ ಮಾಡಿ, ಕೇಸ್ ಶೀಟಿನಲ್ಲಿ ತಂದೆಯ ಹೆಸರನ್ನೂ ಊರನ್ನೂ ದೊಡ್ಡದಾಗಿ ಬರೆಸಿ ಎಂದೆವು. ಅವರು ಕನ್ನಡಕ ತೆಗೆದು ನಮ್ಮನ್ನು ನೋಡಿ ಮೊದಲು ಕೇಳಿದ್ದು, “ಯಾವ ಸಿಸ್ಟರ್?” ಎಂದು.

ಹೆಸರು ಗೊತ್ತಿಲ್ಲ ಎಂದೆವು. ಗೊತ್ತಿತ್ತು. ಅವಳ ಎದೆಯ ಮೇಲಿನ ಬಿಲ್ಲೆಯನ್ನು ನಾವು ಓದಿದ್ದೆವು. ಸಂಜೆಯೊಳಗೆ ಪಕ್ಕದ ಅಬ್ದುಲ್ ರಹಿಮಾನರನ್ನು ಕಿಟಕಿಯ ಬಳಿಯ ಮಂಚಕ್ಕೆ ಕಳುಹಿಸಿದರು. ಕೇಸ್ ಶೀಟ್ ಮಾತ್ರ ಮೊದಲಿದ್ದಂತೆಯೇ ಇತ್ತು.